ಹಿಂದಿನ ಹೊರೆ, ಮುಂದಿನ ಗಾಲಿ

ಮನೆ–ಹೊಲದ ವಿಚಾರ: ಚಿಕ್ಕ ಟ್ರಾಕ್ಟರಿಗೆ ಉಪಕರಣಗಳನ್ನು ಆರಿಸುವ ಬಗೆ

ಎತ್ತಿನ ಜೋಡಿಯನ್ನು ಕೊಳ್ಳಲು ಜಾತ್ರೆಗೆ ಹೊರಟ ನಮ್ಮ ಹಿರಿಯರು ಬರಿಗೈಯಲ್ಲಿ ಮರಳಿದರೂ ಮರಳುತ್ತಿದ್ದರೇ ಹೊರತು ಪರೀಕ್ಷೆಯಿಲ್ಲದೆ ಹಗ್ಗವನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಹಲ್ಲನ್ನು ಎಣಿಸುವರು, ಗೊರಸನ್ನು ಎತ್ತಿ ನೋಡುವರು, ಸುಳಿಯನ್ನು ಹುಡುಕುವರು, ಕೊನೆಗೆ ನೊಗವನ್ನು ಹೊರಿಸಿ ಎರಡೂ ಸಮವಾಗಿ ಎಳೆಯುವುವೇ ಎಂದು ನಾಲ್ಕು ಹೆಜ್ಜೆ ನಡೆಯಿಸುವರು. ಇಂದು ಅದೇ ಮನೆತನದವರು ಎತ್ತಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಹಣವನ್ನು, ಅದೂ ಸಾಲವಾಗಿ ತಂದ ಹಣವನ್ನು, ಚಿಕ್ಕ ಟ್ರಾಕ್ಟರೊಂದಕ್ಕೆ ಸುರಿಯುವಾಗ ಕೇಳುವ ಪ್ರಶ್ನೆಗಳು ಎರಡೇ ಎರಡು: ಎಷ್ಟು ಹೆಚ್.ಪಿ.? ಗಂಟೆಗೆ ಎಷ್ಟು ಡೀಸೆಲು?

ಈ ಎರಡೂ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಟ್ರಾಕ್ಟರೆಂಬುದು ತಾನಾಗಿ ಉಳುವುದೂ ಇಲ್ಲ, ಹರಗುವುದೂ ಇಲ್ಲ. ಅದು ಗಾಲಿಯ ಮೇಲೆ ಕುಳಿತ ಶಕ್ತಿ, ಅಷ್ಟೆ. ಆ ಶಕ್ತಿಯಿಂದ ಮನೆಗೆ ನಾಲ್ಕು ಕಾಸಿನ ಪ್ರಯೋಜನವಾಗುವುದು ಅದರ ಬೆನ್ನಿಗೆ ನಾವು ಏನನ್ನು ಕಟ್ಟುತ್ತೇವೆ ಎಂಬುದರಿಂದ. ಮನೆಗೆ ಕೇಡಾಗುವುದೂ ಅನೇಕವೇಳೆ ಅದರಿಂದಲೇ. ಆದಕಾರಣ ಈ ತಿಂಗಳು, ತೋಟಗಳಲ್ಲಿಯೂ ಸಣ್ಣ ಹಿಡುವಳಿಗಳಲ್ಲಿಯೂ ಈಗ ಸಾಮಾನ್ಯವಾಗಿ ಕಾಣಬರುವ ಮಿನಿ ಟ್ರಾಕ್ಟರಿನ ಹಿಂಭಾಗದ ಉಪಕರಣಗಳನ್ನು ಆರಿಸುವ ಕ್ರಮವನ್ನು ವಿಚಾರಿಸೋಣ.

ಮೊದಲು ನಮ್ಮ ಮನೆಯದೇ ಒಂದು ಸಂಗತಿ. ಅದನ್ನು ಹೇಳದಿದ್ದರೆ ಮುಂದಿನ ಮಾತು ಬರಿಯ ಉಪದೇಶವಾದೀತು.

ನಮ್ಮ ಅಕ್ಕನ ಮನೆ ತುಮಕೂರು ಜಿಲ್ಲೆಯ ಗುಬ್ಬಿಯ ಕಡೆ. ನಾಲ್ಕು ಎಕರೆ ಅಡಕೆ, ಅಂಚಿನಲ್ಲಿ ತೆಂಗು, ಮೇಲೆ ಎರಡು ಎಕರೆ ರಾಗಿಯ ಹೊಲ. ಭಾವನವರು ಸಾಲಮಾಡಿ ಒಂದು ಚಿಕ್ಕ ಟ್ರಾಕ್ಟರನ್ನು ತಂದರು. ಅದರ ಜೊತೆಯಲ್ಲಿಯೇ ಅಂಗಡಿಯವರು ತೋರಿಸಿದ ರೋಟವೇಟರು, ಕಲ್ಟಿವೇಟರು, ಗುಂಡಿ ತೋಡುವ ಯಂತ್ರ, ಮುನ್ನೂರು ಲೀಟರಿನ ಔಷಧ ಸಿಂಪಡಿಸುವ ಟ್ಯಾಂಕು, ಇವೆಲ್ಲವೂ ಒಂದೇ ಸಾಲದ ಖಾತೆಯಲ್ಲಿ ಮನೆಯ ಅಂಗಳಕ್ಕೆ ಬಂದಿಳಿದುವು. “ಈ ಗಾಡಿ ಏಳುನೂರೈವತ್ತು ಕಿಲೋ ಎತ್ತುತ್ತದೆ, ಟ್ಯಾಂಕು ತುಂಬಿದರೂ ನಾನೂರು ದಾಟುವುದಿಲ್ಲ, ಯೋಚನೆ ಬೇಡ” ಎಂಬುದು ಮಾರಿದವರ ಮಾತು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳಬೇಕಾದ ಅರ್ಧ ಉಳಿದುಹೋಗಿತ್ತು.

ಟ್ಯಾಂಕನ್ನು ತುಂಬಿದ ಮೊದಲನೆಯ ದಿನ ಭಾವನವರು ಅಂಗಳದಲ್ಲಿ ಒಂದು ಸುತ್ತು ಹೊಡೆದು, “ಸ್ಟಿಯರಿಂಗು ಎಷ್ಟು ಹಗುರವಾಗಿ ತಿರುಗುತ್ತದೆ ನೋಡಯ್ಯ!” ಎಂದು ನನ್ನೊಡನೆ ಸಂತೋಷಪಟ್ಟರು. ತರುವಾಯ ಅಕ್ಕನ ಮಗ, ಹತ್ತೊಂಬತ್ತು ವರ್ಷದ ಹುಡುಗ, ಟ್ರಾಕ್ಟರನ್ನು ತೋಟಕ್ಕೆ ಹೊಡೆದುಕೊಂಡು ಹೋದನು. ತೋಟಕ್ಕೆ ಇಳಿಯುವಲ್ಲಿ ಒಂದು ಬದುವಿದೆ. ಒಂದೂವರೆ ಅಡಿಗಿಂತ ಎತ್ತರವಿಲ್ಲ. ಅದನ್ನು ಏರುವಾಗ ಮುಂದಿನ ಗಾಲಿಗಳೆರಡೂ ನೆಲವನ್ನು ಬಿಟ್ಟು ಮೇಲಕ್ಕೆದ್ದುವು. ಹುಡುಗನು ಗಾಬರಿಯಲ್ಲಿಯೂ ಕ್ಲಚ್ಚನ್ನು ತುಳಿದನು. ಟ್ಯಾಂಕಿನ ಚೌಕಟ್ಟು ಹಿಂದಿನ ನೆಲಕ್ಕೆ ತಗುಲಿ ಟ್ರಾಕ್ಟರು ಆಕಾಶವನ್ನು ನೋಡುತ್ತ ಹಾಗೆಯೇ ನಿಂತಿತು. ನಾವು ಓಡಿಹೋಗಿ ನೀರನ್ನು ಹೊರಕ್ಕೆ ಬಿಟ್ಟ ಮೇಲೆ ಅದು ಮೆಲ್ಲನೆ ಮೂಗನ್ನು ಇಳಿಸಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕ ಆ ದಿನ ಊಟಮಾಡಲಿಲ್ಲ. ಸಾಯಂಕಾಲ ನನ್ನೆದುರಿಗೆ ಮನೆಯ ಲೆಕ್ಕದ ಪುಸ್ತಕವನ್ನು ಇಟ್ಟು, “ಇದು ಏಕೆ ಹೀಗಾಯಿತು ಎಂದು ಲೆಕ್ಕಹಾಕಿ ಹೇಳಪ್ಪ. ತಿಳಿಯುವವರೆಗೆ ಆ ಗಾಡಿಯ ಮೇಲೆ ಮಗುವನ್ನು ಹತ್ತಿಸುವುದಿಲ್ಲ” ಎಂದಳು.

ಲೆಕ್ಕಕ್ಕೆ ಬರುವ ಮುನ್ನ ಟ್ರಾಕ್ಟರಿನ ಹಿಂದೆ ಇರುವ ಆ ಮೂರು ಕೊಂಡಿಗಳ ವೃತ್ತಾಂತವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಟ್ರಾಕ್ಟರುಗಳು ಬಂದ ಹೊಸದರಲ್ಲಿ ನೇಗಿಲನ್ನು ಎತ್ತಿಗೆ ಕಟ್ಟುವಂತೆಯೇ ಸರಪಳಿಯಿಂದ ಅಥವಾ ಒಂದು ಸಲಾಕೆಯಿಂದ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಎತ್ತು ನಿಲ್ಲುವುದು, ಯಂತ್ರ ನಿಲ್ಲದು. ಹಿಂದಿನ ಗಾಲಿಗಳು ತಿರುಗಲಾರದೆ, ಟ್ರಾಕ್ಟರೇ ಅವುಗಳ ಅಚ್ಚಿನ ಸುತ್ತ ತಿರುಗಿ, ಮುಂಭಾಗ ಮೇಲಕ್ಕೆದ್ದು, ಚಾಲಕನ ಮೇಲೆ ಮಗುಚಿ ಬೀಳುವುದು. ಹೀಗೆ ಪ್ರಾಣಹಾನಿಗಳಾದುವು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ (೧೮೮೪–೧೯೬೦) ಎಂಬ ಯಂತ್ರಶಿಲ್ಪಿಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದ ಕೃಷಿ ಇಲಾಖೆಯವರ ಕೋರಿಕೆಯಂತೆ ಟ್ರಾಕ್ಟರುಗಳ ಕೆಲಸವನ್ನು ಪರಿಶೀಲಿಸಿ, ನೇಗಿಲು ಬೇರೆ ಟ್ರಾಕ್ಟರು ಬೇರೆ ಎಂದು ಎಣಿಸುವುದೇ ತಪ್ಪು, ಅವೆರಡೂ ಒಂದೇ ಶರೀರವಾಗಬೇಕು ಎಂದು ಮನಗಂಡನು. ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಕೊಂಡಿಗಳ ಜೋಡಣೆಯೂ ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿ ಇಳಿಸುವ ಉಪಾಯವೂ ಆತನ ಹಲವು ವರ್ಷಗಳ ಶ್ರಮದ ಫಲ. ೧೯೩೬ರಲ್ಲಿ ಈ ಏರ್ಪಾಡಿನ ಟ್ರಾಕ್ಟರು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿತು. ೧೯೩೮ರಲ್ಲಿ ಆತನು ಅಮೆರಿಕದ ಹೆನ್ರಿ ಫೋರ್ಡನೊಡನೆ ಕೈಕುಲುಕಿ ಒಪ್ಪಂದ ಮಾಡಿಕೊಂಡನು. ೧೯೩೯ರಲ್ಲಿ ಹೊರಟ ಫೋರ್ಡ್ ಟ್ರಾಕ್ಟರಿನಿಂದ ಈ ಮೂರು ಕೊಂಡಿಗಳು ಲೋಕವಿಖ್ಯಾತವಾದುವು. ಇಂದು ಗುಬ್ಬಿಯ ತೋಟದಲ್ಲಿ ಓಡಾಡುವ ಚಿಕ್ಕ ಟ್ರಾಕ್ಟರಿನ ಬೆನ್ನಿನಲ್ಲಿರುವುದೂ ಅದೇ.

ಈ ಜೋಡಣೆಯ ಗುಣವೇನೆಂದರೆ, ನೇಗಿಲು ನೆಲದಲ್ಲಿ ಎಳೆಯುತ್ತಿರುವಾಗ ಮೇಲಿನ ಕೊಂಡಿಯು ಟ್ರಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಅದರಿಂದ ಮೂಗು ಕೆಳಗೆ ನಿಲ್ಲುತ್ತದೆ. ಹಾಗಾದರೆ ಭಾವನವರ ಟ್ರಾಕ್ಟರು ಮೇಲಕ್ಕೆದ್ದುದೇಕೆ? ಅಲ್ಲಿ ನೆಲದೊಳಗೆ ಎಳೆಯುವ ಉಪಕರಣವಿರಲಿಲ್ಲ. ಗಾಳಿಯಲ್ಲಿ ತೂಗುವ ಹೊರೆಯಿತ್ತು. ಎತ್ತಿ ಹಿಡಿದ ಹೊರೆಯೆದುರಿಗೆ ಫರ್ಗ್ಯೂಸನ್ನನ ಜಾಣ್ಮೆ ನಡೆಯದು. ಅದು ಮಕ್ಕಳು ಆಡುವ ಏತದ ಹಲಗೆಯಂತೆ. ಹಿಂದಿನ ಅಚ್ಚೇ ನಡುವಿನ ಊರೆ. ಈ ಕಡೆ ಹೊರೆ, ಆ ಕಡೆ ಮುಂದಿನ ಗಾಲಿಗಳ ಮೇಲಿನ ತೂಕ.

ಈಗ ಅಕ್ಕನ ಪುಸ್ತಕದಲ್ಲಿ ಬರೆದ ಲೆಕ್ಕ. ಟ್ರಾಕ್ಟರಿನ ತೂಕ ೮೦೦ ಕಿಲೋ. ಅದರಲ್ಲಿ ಮುಂದಿನ ಗಾಲಿಗಳ ಮೇಲೆ ೩೨೦, ಹಿಂದಿನವುಗಳ ಮೇಲೆ ೪೮೦. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಒಂದೂವರೆ ಮೀಟರು. ಟ್ಯಾಂಕಿನ ಚೌಕಟ್ಟು, ಪಂಪು ಸೇರಿ ೯೦ ಕಿಲೋ, ನೀರು ೩೦೦ ಕಿಲೋ, ಒಟ್ಟು ೩೯೦. ಆ ಹೊರೆಯ ನಡುಮಧ್ಯವು ಹಿಂದಿನ ಅಚ್ಚಿನಿಂದ ೧.೨ ಮೀಟರು ಹಿಂದಕ್ಕೆ ತೂಗುತ್ತದೆ. ೩೯೦ನ್ನು ೧.೨ರಿಂದ ಗುಣಿಸಿ ೧.೫ರಿಂದ ಭಾಗಿಸಿದರೆ ೩೧೨. ಎಂದರೆ ಈ ಟ್ಯಾಂಕು ಮುಂದಿನ ಗಾಲಿಗಳ ಮೇಲಿನಿಂದ ೩೧೨ ಕಿಲೋ ತೂಕವನ್ನು ಕಸಿದುಕೊಳ್ಳುತ್ತದೆ. ಇದ್ದದ್ದು ೩೨೦, ಉಳಿದದ್ದು ೮ ಕಿಲೋ!

ಎಂಟು ಕಿಲೋ ಎಂದರೆ ಅಕ್ಕ ನಾಲ್ಕು ದಿನಕ್ಕೆ ಬೀಸಿಸುವ ರಾಗಿಯ ತೂಕವೂ ಅಲ್ಲ. ಅಂಗಳದಲ್ಲಿ ಸ್ಟಿಯರಿಂಗು ಹಗುರವಾದದ್ದು ಯಂತ್ರದ ನಯದಿಂದಲ್ಲ, ತಿರುಗಬೇಕಾದ ಗಾಲಿಗಳು ನೆಲವನ್ನು ಮುಟ್ಟಿಯೂ ಮುಟ್ಟದಂತೆ ಇದ್ದುದರಿಂದ. ಬದುವಿನ ಓರೆಯನ್ನು ಹತ್ತುವಾಗ ಹೊರೆಯು ಇನ್ನೂ ಹಿಂದಕ್ಕೆ ವಾಲಿ, ಆ ಎಂಟು ಕಿಲೋವೂ ಮುಗಿದುಹೋಯಿತು. ವಾಚಕರು ಈ ಒಂದು ಮಾತನ್ನು ಮಾತ್ರ ನೆನಪಿನಲ್ಲಿಟ್ಟರೂ ಸಾಕು: ಹಿಂದೆ ಹೊರೆಯನ್ನು ಎತ್ತಿದಾಗ ಸ್ಟಿಯರಿಂಗು ಹಗುರವಾದರೆ ಸಂತೋಷಪಡಬಾರದು, ನಿಲ್ಲಿಸಬೇಕು.

ಹೊರೆ ಎತ್ತಿದ ಮೇಲೂ ಮುಂದಿನ ಗಾಲಿಗಳ ಮೇಲೆ ಟ್ರಾಕ್ಟರಿನ ಸ್ವಂತ ತೂಕದ ಶೇಕಡಾ ೨೦ರಷ್ಟಾದರೂ ಉಳಿದಿರಬೇಕೆಂಬುದು ವಾಡಿಕೆಯ ನಿಯಮ. ೮೦೦ ಕಿಲೋ ಟ್ರಾಕ್ಟರಿಗೆ ಇದು ೧೬೦ ಕಿಲೋ ಆಯಿತು. ಗುಣಾಕಾರ ಭಾಗಾಕಾರ ಬೇಡವೆನ್ನುವವರಿಗೆ ಸುಲಭದ ಉಪಾಯವೊಂದುಂಟು. ಉಪಕರಣವನ್ನು ಎತ್ತಿ ಹಿಡಿದು, ಪೇಟೆಯ ವೇಬ್ರಿಜ್ಜಿನ ಮೇಲೆ ಮುಂದಿನ ಗಾಲಿಗಳನ್ನು ಮಾತ್ರ ನಿಲ್ಲಿಸಿ ತೂಗಿಸಬೇಕು. ಉಪಕರಣವಿಲ್ಲದೆ ಒಮ್ಮೆ, ಇದ್ದು ಒಮ್ಮೆ. ಎರಡು ಚೀಟಿಗಳನ್ನು ಹೋಲಿಸಿದರೆ ಸಂಗತಿಯು ತಾನೇ ಮಾತನಾಡುತ್ತದೆ.

ಮಾರಾಟಗಾರರು ಹೇಳುವ “ಎತ್ತುವ ಶಕ್ತಿ”ಯ ವಿಷಯದಲ್ಲಿಯೂ ಎಚ್ಚರವಿರಬೇಕು. ಅದು ಸಾಮಾನ್ಯವಾಗಿ ಕೊಂಡಿಯ ತುದಿಯಲ್ಲಿ ಅಳೆದ ಲೆಕ್ಕ. ಉಪಕರಣದ ಭಾರವು ಕೊಂಡಿಯ ತುದಿಯಲ್ಲಿ ಕುಳಿತಿರುವುದಿಲ್ಲ, ಅದರಿಂದ ಎರಡಡಿಯಷ್ಟು ಹಿಂದಿರುವುದು. ಆದುದರಿಂದಲೇ ಪರೀಕ್ಷಾಲಯಗಳಲ್ಲಿ ಕೊಂಡಿಯ ತುದಿಯಿಂದ ೬೧೦ ಮಿಲಿಮೀಟರು ಹಿಂದೆಯೂ ಅಳೆಯುವ ಪದ್ಧತಿಯಿದೆ. ಆ ಅಂಕಿಯು ಕಡಿಮೆಯಾಗಿಯೇ ಇರುವುದು, ನಮಗೆ ಬೇಕಾದದ್ದೂ ಅದೇ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರಕಾರದ ಕೃಷಿಯಂತ್ರ ಪರೀಕ್ಷಾ ಸಂಸ್ಥೆಯುಂಟು. ನಮ್ಮ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ದಕ್ಷಿಣ ವಲಯದ ಸಂಸ್ಥೆಯುಂಟು. ಕೊಳ್ಳುವ ಮುನ್ನ ಪರೀಕ್ಷೆಯ ವರದಿಯನ್ನು ತೋರಿಸಿರೆಂದು ಕೇಳಲು ಯಾವ ಗೃಹಸ್ಥನೂ ಸಂಕೋಚಪಡಬೇಕಾಗಿಲ್ಲ.

ಇನ್ನು ಕೊಂಡಿಯ ಅಳತೆ. ಮೂರು ಕೊಂಡಿಗಳಿದ್ದ ಮಾತ್ರಕ್ಕೆ ಎಲ್ಲ ಉಪಕರಣಗಳೂ ಎಲ್ಲ ಟ್ರಾಕ್ಟರುಗಳಿಗೂ ಹೊಂದುವುದಿಲ್ಲ. ಇವುಗಳಿಗೆ ವರ್ಗಗಳುಂಟು. ಒಂದನೆಯ ವರ್ಗದಲ್ಲಿ ಕೆಳಗಿನ ಪಿನ್ನು ೨೨ ಮಿಲಿಮೀಟರು ದಪ್ಪ, ಮೇಲಿನದು ೧೯. ಕೆಳಗಿನ ಎರಡು ಕೊಂಡಿಗಳ ಅಂತರ ೬೮೩ ಮಿಲಿಮೀಟರು. ದೊಡ್ಡ ಟ್ರಾಕ್ಟರುಗಳ ಎರಡನೆಯ ವರ್ಗದಲ್ಲಿ ಪಿನ್ನುಗಳು ಸುಮಾರು ೨೮ ಮತ್ತು ೨೫, ಅಂತರ ೮೨೫. ಇಕ್ಕಟ್ಟಾದ ಸಾಲುಗಳಿಗೆಂದು ಮಾಡಿದ ಕಿರಿಯ ಟ್ರಾಕ್ಟರುಗಳಲ್ಲಿ ಒಂದನೆಯ ವರ್ಗದ್ದೇ ಕಿರಿದಾದ ಬಗೆಯೊಂದಿದ್ದು, ಅದರ ಅಂತರ ೪೦೦ ಮಾತ್ರ. ನೆರೆಯವರ ದೊಡ್ಡ ಟ್ರಾಕ್ಟರಿನ ಕಲ್ಟಿವೇಟರನ್ನು ಒಳಬಳೆ ತೊಡಿಸಿ ನಮ್ಮ ಚಿಕ್ಕದಕ್ಕೆ ಕಟ್ಟುವವರುಂಟು. ಪಿನ್ನು ಹೊಂದಿದರೆ ತೂಕವೂ ಹೊಂದಿತೆಂದು ಅರ್ಥವಲ್ಲ. ಬೇರೆಯವರ ಕಾಲಿಗೆ ಅಳತೆಮಾಡಿದ ಜೋಡನ್ನು ಬಟ್ಟೆ ತುರುಕಿ ಹಾಕಿಕೊಂಡು ದೂರದ ದಾರಿ ನಡೆದಂತಾದೀತು.

ಅಳತೆಯಾಯಿತು, ಇನ್ನು ಉಪಕರಣಗಳನ್ನೇ ಒಂದೊಂದಾಗಿ ನೋಡೋಣ.

ರೋಟವೇಟರು ಎಲ್ಲರ ಕಣ್ಣಿಗೂ ಮೊದಲು ಬೀಳುವುದು. ಒಂದೇ ಸುತ್ತಿಗೆ ಮಣ್ಣನ್ನು ಹಿಟ್ಟಿನಂತೆ ಮಾಡಿ ತೋರಿಸುವುದರಿಂದ ಅದಕ್ಕೆ ಮೋಹ ಹೆಚ್ಚು. ೧೫ರಿಂದ ೨೦ ಹೆಚ್.ಪಿ.ಯ ಟ್ರಾಕ್ಟರಿಗೆ ಸುಮಾರು ಮೂರು, ಮೂರೂವರೆ ಅಡಿ ಅಗಲದ್ದು ತಕ್ಕದ್ದು. ಅದು ಹಿಂದಿನ ಗಾಲಿಗಳ ಜಾಡನ್ನು ಮುಚ್ಚುವಷ್ಟು ಅಗಲವಿರಬೇಕು, ಯಂತ್ರವು ಏದುಸಿರು ಬಿಡುವಷ್ಟು ಅಗಲವಿರಬಾರದು. ಆದರೆ ಒಂದೇ ಆಳದಲ್ಲಿ ವರ್ಷವರ್ಷವೂ ಅದನ್ನೇ ಓಡಿಸುತ್ತಿದ್ದರೆ ಅಲಗುಗಳ ಕೆಳಗೆ ಗಟ್ಟಿಪದರವೊಂದು ಕಟ್ಟಿಕೊಂಡು ನೀರು ಇಳಿಯದಂತಾಗುವುದು. ಅಡಕೆಯ ತೋಟದಲ್ಲಿ ಇನ್ನೊಂದು ಕೇಡು. ಮರದಿಂದ ಮರಕ್ಕೆ ೯ ಅಡಿ ಅಂತರವೆಂಬುದು ಸಾಮಾನ್ಯವಾದ ಕ್ರಮ. ಅಡಕೆಯ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹೆಣೆದುಕೊಂಡಿರುವುವು. ಬುಡದವರೆಗೂ ರೋಟವೇಟರನ್ನು ಹಾಯಿಸಿದರೆ ಕಳೆಯೊಡನೆ ಬೇರೂ ತುಂಡಾಗುವುದು. ತೋಟಕ್ಕೆ ಹುಲ್ಲು ಕತ್ತರಿಸಿ ಅಲ್ಲಿಯೇ ಹೊದಿಸುವ ಯಂತ್ರವು ಹೆಚ್ಚು ಹಿತವಾದದ್ದು. ಆದರೆ ಅದರ ಅಲಗು ಕಲ್ಲನ್ನು ಗುಂಡಿನಂತೆ ಸಿಡಿಸಬಲ್ಲುದಾದುದರಿಂದ, ಓಡುವಾಗ ಸುತ್ತ ಯಾರೂ ಇರಕೂಡದು, ಮಕ್ಕಳಂತೂ ಮನೆಯೊಳಗೇ ಇರತಕ್ಕದ್ದು.

ಕಲ್ಟಿವೇಟರು ನಮ್ಮ ಕುಂಟೆಯ ತಮ್ಮ. ತಿರುಗುವ ಭಾಗಗಳಿಲ್ಲ, ಕೆಡುವುದು ಕಡಿಮೆ, ಬೆಲೆಯೂ ಕಡಿಮೆ. ಊರಿನ ಕುಲುಮೆಯಲ್ಲಿಯೇ ಅದರ ಕುಳಗಳನ್ನು ತಟ್ಟಿಸಬಹುದು. ಹೊಲವುಳ್ಳವನು ಮೊದಲು ಕೊಳ್ಳತಕ್ಕದ್ದು ಇದು. ಚಿಕ್ಕ ಟ್ರಾಕ್ಟರಿಗೆ ಐದು ಕುಳಗಳದ್ದು ಸಾಕು. ಒಂಬತ್ತರ ಆಸೆ ಬೇಡ.

ಟ್ರೈಲರು ಗೊಬ್ಬರ ಹೊರುವುದಕ್ಕೂ ಅಡಕೆಗೊನೆ ಸಾಗಿಸುವುದಕ್ಕೂ ವರ್ಷವೆಲ್ಲ ಬೇಕಾಗುವುದು. ಅದನ್ನು ಮೂರು ಕೊಂಡಿಗಳಿಗೆ ಕಟ್ಟತಕ್ಕದ್ದಲ್ಲ. ಅದಕ್ಕೆಂದೇ ಕೆಳಗೆ ಇರುವ ಡ್ರಾಬಾರಿಗೇ ಕಟ್ಟಬೇಕು. ಸಿಕ್ಕಿಬಿದ್ದ ಗಾಡಿಯನ್ನಾಗಲಿ ಮರದ ದಿಮ್ಮಿಯನ್ನಾಗಲಿ ಎಳೆಯುವಾಗ ಸರಪಳಿಯನ್ನು ಮೇಲಿನ ಕೊಂಡಿಗೋ ಅಚ್ಚಿಗೋ ಬಿಗಿಯುವುದು, ಫರ್ಗ್ಯೂಸನ್ನನು ನೂರು ವರ್ಷಗಳ ಹಿಂದೆ ನಿವಾರಿಸಲು ಹೊರಟ ಮೃತ್ಯುವನ್ನು ಮರಳಿ ಕರೆದಂತೆ. ಇಳಿಜಾರಿನಲ್ಲಿ ಬ್ರೇಕಿಲ್ಲದ ಟ್ರೈಲರು ಟ್ರಾಕ್ಟರನ್ನೇ ನೂಕುವುದೆಂಬುದನ್ನೂ, ರಸ್ತೆಗೆ ಬಂದೊಡನೆ ಎರಡು ಬ್ರೇಕು ಪೆಡಲುಗಳನ್ನು ಒಂದಕ್ಕೊಂದು ಸೇರಿಸಿ ಬಿಗಿಯಬೇಕೆಂಬುದನ್ನೂ ಮರೆಯಬಾರದು.

ಗುಂಡಿ ತೋಡುವ ಯಂತ್ರವು ಹೊಸ ತೋಟ ಹಾಕುವವನಿಗೆ ವರದಾನ. ತೋಟ ಹಾಕಿ ಮುಗಿಸಿದವನಿಗೆ ಕೊಟ್ಟಿಗೆಯ ಮೂಲೆಯಲ್ಲಿ ಇರುವ ತುಕ್ಕಿನ ಕಂಬ. ಕಲ್ಲು ಸಿಕ್ಕಾಗ ತಾನು ತುಂಡಾಗಿ ಯಂತ್ರವನ್ನು ಉಳಿಸಲೆಂದೇ ಅದರಲ್ಲಿ ಒಂದು ಮೆತು ಬೋಲ್ಟನ್ನು ಇಟ್ಟಿರುವರು. “ಪದೇ ಪದೇ ಮುರಿಯುತ್ತದೆ” ಎಂದು ಅದರ ಬದಲು ಗಟ್ಟಿ ಬೋಲ್ಟನ್ನು ಹಾಕಿದರೆ, ಮುಂದಿನ ಸಲ ಮುರಿಯುವುದು ಗೇರುಪೆಟ್ಟಿಗೆ.

ರೋಟವೇಟರು, ಹುಲ್ಲಿನ ಯಂತ್ರ, ಗುಂಡಿಯ ಯಂತ್ರ, ಪಂಪು, ಈ ನಾಲ್ಕನ್ನೂ ತಿರುಗಿಸುವುದು ಟ್ರಾಕ್ಟರಿನ ಹಿಂದೆ ಹೊರಬಂದಿರುವ ಪಿ.ಟಿ.ಓ. ಎಂಬ ಕದಿರು. ಅದರ ಸಾಮಾನ್ಯ ವೇಗ ನಿಮಿಷಕ್ಕೆ ೫೪೦ ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು. ಎರಡು ಅಂಗುಲ ದಪ್ಪದ ಶಾಫ್ಟು ಒಂದು ಸುತ್ತಿಗೆ ಆರು ಅಂಗುಲಕ್ಕಿಂತ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುವುದು. ಸೆಕೆಂಡಿಗೆ ಒಂದೂವರೆ ಗಜ. ಆರು ಗಜದ ಸೀರೆ ನಾಲ್ಕೇ ಸೆಕೆಂಡು. ಹೆಗಲ ಮೇಲಿನ ಟವಲಿಗೆ ಒಂದು ಸೆಕೆಂಡೂ ಬೇಡ. ಕೂಗಿ ಹೇಳುವುದಕ್ಕೂ ಕಾಲಾವಕಾಶವಿರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ಕಿನ ಹೊದಿಕೆಯನ್ನು “ಗ್ರೀಸು ಹಾಕಲು ಅಡ್ಡಿ” ಎಂದು ಕಿತ್ತೆಸೆಯುವುದು ನಮ್ಮಲ್ಲಿ ಸರ್ವಸಾಮಾನ್ಯ. ಹೊದಿಕೆಯಿಲ್ಲದ ಶಾಫ್ಟಿನ ಬಳಿಗೆ ಮನೆಯವರು ಯಾರನ್ನೂ ಬಿಡಬಾರದು, ಬುತ್ತಿಯನ್ನು ಕೊಡುವುದಕ್ಕೂ ಬಿಡಬಾರದು.

ಇಷ್ಟಾದ ಮೇಲೆ ಮೇಲ್ಪಾಟಿನ ಮಾತು. ಟ್ರಾಕ್ಟರು ಕೊಂಡ ಒಂದೆರಡು ವರ್ಷಗಳಲ್ಲಿ ಅದಕ್ಕೆ ಇದನ್ನು ಜೋಡಿಸೋಣ, ಅದನ್ನು ಸೇರಿಸೋಣ ಎಂಬ ಹಂಬಲ ಹುಟ್ಟುವುದು ಸಹಜ. ಹಣ ಮಿತವಾಗಿದ್ದಲ್ಲಿ ಈ ಕ್ರಮವನ್ನು ಅನುಸರಿಸಬಹುದು. ಮೊದಲನೆಯದು, ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು ಮತ್ತು ಸೊಂಟದ ಪಟ್ಟಿ. ತೋಟದ ಕೊಂಬೆಗಳಿಗೆ ತಗುಲುವುದೆಂದು ಕಮಾನನ್ನು ಬಿಚ್ಚಿ ಇಡುವವರುಂಟು. ಮಡಿಸುವ ಕಮಾನುಗಳೂ ದೊರೆಯುವುವು. ಕಮಾನನ್ನು ಮಡಿಸಿದಾಗ ಮಾತ್ರ ಪಟ್ಟಿಯನ್ನು ಕಟ್ಟಬಾರದು, ನಿಲ್ಲಿಸಿದಾಗ ಕಟ್ಟದೆ ಇರಬಾರದು. ಎರಡನೆಯದು, ಪಿ.ಟಿ.ಓ.ದ ಹೊದಿಕೆ. ಮೂರನೆಯದು, ಮುಂದಿನ ಬಂಪರಿಗೆ ತೂಗುಹಾಕುವ ಎರಕದ ತೂಕಗಳು. ನಾಲ್ಕನೆಯದು, ಕೆಳಗಿನ ಕೊಂಡಿಗಳು ಆಚೀಚೆ ತೂಗಾಡದಂತೆ ಹಿಡಿಯುವ ಒಳ್ಳೆಯ ಚೆಕ್ ಚೈನುಗಳು ಹಾಗೂ ಸವೆಯದ ಪಿನ್ನುಗಳು. ಪಿನ್ನಿನ ಬದಲು ಮೊಳೆ, ತಂತಿ, ಮುರಿದ ಡ್ರಿಲ್ಲು ಇವನ್ನು ಚುಚ್ಚುವುದು ನಮ್ಮ ಜನರ ಜಾಣತನವೆಂದು ಹೇಳಿಕೊಳ್ಳುವುದುಂಟು, ಅದು ಜಾಣತನವಲ್ಲ.

ಇವೆಲ್ಲವೂ ಆದ ಮೇಲೆ ಅನುಕೂಲದ ವಸ್ತುಗಳು. ಒಬ್ಬನೇ ಕೆಲಸ ಮಾಡುವವನಿಗೆ ಹೊರಕ್ಕೆ ಎಳೆದು ಜೋಡಿಸಬಹುದಾದ ಕೆಳಗಿನ ಕೊಂಡಿಗಳು ಬಹಳ ಸಹಾಯ. ಕುಳಿತಲ್ಲಿಂದಲೇ ಉದ್ದ ಗಿಡ್ಡ ಮಾಡಬಹುದಾದ ಹೈಡ್ರಾಲಿಕ್ ಟಾಪ್ ಲಿಂಕು ಮಟ್ಟಹಲಗೆಯಿಂದ ದಿನವೂ ನೆಲ ಸಮಮಾಡುವವನಿಗೆ ಬೇಕು. ವರ್ಷಕ್ಕೆ ಎರಡು ದಿನ ಮಾಡುವವನಿಗೆ ಕೈಯಿಂದ ತಿರುಪುವುದೇ ಸಾಕು. ಉಪಕರಣಗಳನ್ನು ಕ್ಷಣದಲ್ಲಿ ಸಿಕ್ಕಿಸುವ ಕ್ವಿಕ್ ಹಿಚ್ ಎಂಬ ಚೌಕಟ್ಟು ಸೊಗಸಾದದ್ದೇ. ಆದರೆ ಅದು ಉಪಕರಣವನ್ನು ನಾಲ್ಕು ಅಂಗುಲದಷ್ಟು ಹಿಂದಕ್ಕೆ ಸರಿಸುವುದು, ತನ್ನ ತೂಕವನ್ನೂ ಸೇರಿಸುವುದು. ಮೇಲಿನ ಲೆಕ್ಕವನ್ನು ಓದಿದವರಿಗೆ ಚಿಕ್ಕ ಟ್ರಾಕ್ಟರಿನಲ್ಲಿ ನಾಲ್ಕು ಅಂಗುಲದ ಬೆಲೆಯೇನೆಂದು ಬೇರೆ ಹೇಳಬೇಕಾಗಿಲ್ಲ. ಶಾಫ್ಟಿನ ಉದ್ದವೂ ಸಾಲದೆ ಬರಬಹುದು; ಅದನ್ನು ಮೊದಲೇ ಅಳೆದು ನೋಡತಕ್ಕದ್ದು.

ಕೊನೆಯದು ಹಣದ ವಿಚಾರ. ಅದನ್ನು ಅಕ್ಕನೇ ತೀರ್ಮಾನಿಸಿದಳು. ಪುಸ್ತಕದಲ್ಲಿ ಗೆರೆ ಎಳೆದು, ಪ್ರತಿಯೊಂದು ಉಪಕರಣದ ಎದುರಿಗೆ ಅದು ವರ್ಷಕ್ಕೆ ಎಷ್ಟು ದಿನ ಮನೆಗೆ ದುಡಿಯುವುದೆಂದು ಬರೆಯಿಸಿದಳು. ಟ್ರೈಲರು ಎಪ್ಪತ್ತು ದಿನ; ಅದು ನಮ್ಮಲ್ಲಿರಲೇ ಇಲ್ಲ, ಬಾಡಿಗೆಗೆ ತರುತ್ತಿದ್ದರು. ಸಿಂಪಡಣೆ ಹನ್ನೆರಡು ದಿನ. ಕಲ್ಟಿವೇಟರು ಎಂಟು ದಿನ. ರೋಟವೇಟರು ಮೂರು ದಿನ. ಗುಂಡಿಯ ಯಂತ್ರ ಒಂದು ದಿನ, ಅದೂ ಸತ್ತ ಗಿಡಗಳ ಬದಲು ನೆಡುವ ವರ್ಷದಲ್ಲಿ. “ಎಪ್ಪತ್ತು ದಿನದ್ದನ್ನು ಬಾಡಿಗೆಗೆ ತಂದು, ಒಂದು ದಿನದ್ದನ್ನು ಸಾಲಕ್ಕೆ ಕೊಂಡಿದ್ದೇವೆ” ಎಂದು ಅವಳು ಹೇಳಿದಾಗ ಭಾವನವರು ತಲೆಯನ್ನು ಎತ್ತಲಿಲ್ಲ.

ಒಂದೆರಡು ದಿನಗಳ ಕೆಲಸಕ್ಕೆ ಬೇಕಾದ ಯಂತ್ರಗಳನ್ನು ಬಾಡಿಗೆಗೆ ತರುವ ಏರ್ಪಾಡು ನಮ್ಮ ರಾಜ್ಯದಲ್ಲಿ ಉಂಟು. ಹೋಬಳಿಗಳಲ್ಲಿ ಸ್ಥಾಪಿತವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಈ ಉದ್ದೇಶದವೇ. ನೆರೆಹೊರೆಯ ನಾಲ್ಕು ಮನೆಗಳವರು ಕೂಡಿ ಒಂದೊಂದನ್ನು ಕೊಂಡು ಹಂಚಿಕೊಳ್ಳುವುದೂ ಆಗಬಹುದು. ಸರಕಾರದ ಸಹಾಯಧನ ದೊರೆಯುವುದೆಂಬ ಒಂದೇ ಕಾರಣಕ್ಕೆ ಬೇಡದ ಯಂತ್ರವನ್ನು ಕೊಂಡರೆ, ಅರ್ಧ ಬೆಲೆಗೆ ಪೂರ್ತಿ ನಷ್ಟವನ್ನು ಕೊಂಡಂತಾಗುವುದು.

ಮುಂದೆ ನಡೆದುದನ್ನು ಹೇಳಿ ಮುಗಿಸುತ್ತೇನೆ. ಗುಂಡಿಯ ಯಂತ್ರವನ್ನೂ ರೋಟವೇಟರನ್ನೂ ಸ್ವಲ್ಪ ನಷ್ಟಕ್ಕೇ ಮಾರಿ ಆ ಹಣದಿಂದ ಹಳೆಯದೊಂದು ಟ್ರೈಲರನ್ನು ಕೊಂಡರು. ಟ್ಯಾಂಕಿನ ಅರ್ಧಕ್ಕೆ ಸರಿಯಾಗಿ ಕೆಂಪು ಬಣ್ಣದಲ್ಲಿ ಗೆರೆ ಎಳೆದರು. ಮುಂದಿನ ಬಂಪರಿಗೆ ೬೦ ಕಿಲೋ ತೂಕವನ್ನು ಕಟ್ಟಿದರು. ಲೆಕ್ಕ ಹೀಗಾಯಿತು: ೧೫೦ ಲೀಟರು ನೀರು, ೯೦ ಕಿಲೋ ಚೌಕಟ್ಟು, ಒಟ್ಟು ೨೪೦, ಅದು ಮುಂದಿನಿಂದ ಕಸಿಯುವುದು ೧೯೨, ಉಳಿಯುವುದು ೧೨೮. ಮುಂದಿನ ಅಚ್ಚಿಗಿಂತ ಅರ್ಧ ಮೀಟರು ಮುಂದೆ ತೂಗುವ ೬೦ ಕಿಲೋ, ಆ ಗಾಲಿಗಳಿಗೆ ೮೦ ಕಿಲೋ ಆಗಿ ಒದಗುವುದು. ಒಟ್ಟು ೨೦೮. ಬೇಕಾದದ್ದು ೧೬೦. ಟ್ಯಾಂಕನ್ನು ಎರಡು ಸಲ ತುಂಬಬೇಕಾಗಿರುವುದರಿಂದ ಬೆಳಗಿನ ಕೆಲಸಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ತೋಟಕ್ಕೆ ಇಳಿಯುವ ಬದುವನ್ನೂ ಕಡಿದು ಓರೆಯನ್ನು ಇಳಿಸಿದ್ದಾರೆ.

ವೇಬ್ರಿಜ್ಜಿನ ಚೀಟಿಯನ್ನು ಕಣ್ಣಿನಿಂದ ನೋಡಿದ ಮೇಲೆಯೇ ಅಕ್ಕ ಮಗನಿಗೆ ಬೀಗದ ಕೈಯನ್ನು ಕೊಟ್ಟಳು. ಆ ಚೀಟಿಯನ್ನು ಲೆಕ್ಕದ ಪುಸ್ತಕದಲ್ಲಿ, ಸಾಲದ ಕಂತಿನ ರಸೀತಿಗಳ ಜೊತೆಯಲ್ಲಿ ಅಂಟಿಸಿ ಇಟ್ಟಿದ್ದಾಳೆ. ಕಳೆದ ಸಲ ಹೋದಾಗ ಅವನು ಅಂಗಳದಲ್ಲಿ ಟ್ರಾಕ್ಟರನ್ನು ತಿರುಗಿಸುತ್ತ, “ಮಾವ, ಸ್ಟಿಯರಿಂಗು ಈಗ ಸ್ವಲ್ಪ ಭಾರ” ಎಂದನು. ಹಾಗೆಯೇ ಇರಲಿ ಎಂದೆನು.